ಬೀಲಿಂಗ್ಸ್ ಗಂಟೆ, ಕೆಲಗೇರಿ ಕೆರೆ

1834ರ ಫೆಬ್ರವರಿ 2, ರವಿವಾರ. ಇಂಗ್ಲೆಂಡಿನ ಸಫೋಕ್ ಪ್ರಾಂತದಲ್ಲಿ ವುಡ್‌ಬ್ರಿಜ್ ಎಂಬ ಸಣ್ಣ ಪೇಟೆಯ ಹತ್ತಿರ ಗ್ರೇಟ್ ಬೀಲಿಂಗ್ಸ್ ಎಂಬ ಹಳ್ಳಿಯಿದೆ. ಅಲ್ಲಿಯ ದೊಡ್ಡ ಮನೆಯ ಯಜಮಾನರು ಮಧ್ಯಾಹ್ನದ ಪ್ರಾರ್ಥನೆ ಮುಗಿಸಿ ಚರ್ಚಿನಿಂದ ಮರಳಿದಾಗ ಮನೆಯಾಳುಗಳು ಒಂದು ಸುದ್ದಿ ಹೇಳಿದರು. ಊಟದ ಕೋಣೆಯ ಗಂಟೆ ಮೂರು ಸಲ ಬಾರಿಸಿತ್ತು, ಆದರೆ ಕೋಣೆಯಲ್ಲಿ ಯಾರೂ ಇರಲಿಲ್ಲ. ಆ ಕಾಲದ ಸ್ಥಿತಿವಂತರ ಮನೆಗಳಲ್ಲಿ ಪ್ರತಿ ಕೋಣೆಯಿಂದ ಅಡುಗೆಮನೆಯವರೆಗೆ ತಂತಿ ಎಳೆದು ಗಂಟೆ ಕಟ್ಟಿರುತ್ತಿದ್ದರು. ಧಣಿ ಇತ್ತ ತಂತಿ ಎಳೆದರೆ ಅತ್ತ ಗಂಟೆ ಬಾರಿಸಬೇಕು, ಆಳು ಓಡಿ ಬರಬೇಕು. ಈಗ ಎಳೆಯುವವರಿಲ್ಲದೆ ಗಂಟೆ ಬಾರಿಸತೊಡಗಿತ್ತು. ಮರುದಿನವೂ ಹಾಗೆಯೇ ಆಯಿತು. ಮುಂದೆ ಅಡುಗೆಮನೆಯ ಸಾಲಿನಲ್ಲಿದ್ದ ಒಂಬತ್ತು ಗಂಟೆಗಳಲ್ಲಿ ಐದು ಗಂಟೆಗಳು ಒಟ್ಟಿಗೇ ಕಿತ್ತುಬರುವ ಹಾಗೆ ಅಲುಗಾಡಿದವು. ಯಜಮಾನರು ತಾವೇ ಕಾವಲು ಕುಳಿತು ನೋಡಿದರು. ಮಾರ್ಚ್ 27ಕ್ಕೆ ಎಲ್ಲವೂ ನಿಂತಿತು. ಕಾರಣ ಮಾತ್ರ ತಿಳಿಯಲಿಲ್ಲ.

ನಮ್ಮ ಕಡೆಯಾಗಿದ್ದರೆ ಎರಡನೆಯ ದಿನವೇ ಜಿನ್ನಿನ ಮಾತು ಎದ್ದು, ಮೂರನೆಯ ದಿನಕ್ಕೆ ತಾಯಿತ ಕಟ್ಟುವವರು ಬಾಗಿಲಿಗೆ ಬಂದಿರುತ್ತಿದ್ದರು. ಈ ಯಜಮಾನರು ಹಾಗೆ ಮಾಡದೆ ಇಪ್ಸ್‌ವಿಚ್ ಪೇಟೆಯ ಪತ್ರಿಕೆಗೆ ಒಂದು ಪತ್ರ ಬರೆದರು. ಯಾವ ಗಂಟೆ, ಎಷ್ಟು ಹೊತ್ತಿಗೆ, ಎಷ್ಟು ಸಲ, ಆಗ ಯಾರು ಎಲ್ಲಿದ್ದರು ಎಂಬುದೆಲ್ಲ ಅದರಲ್ಲಿತ್ತು. ಅದನ್ನು ಓದಿದವರು ತಮ್ಮ ತಮ್ಮ ಊರುಗಳ ಗಂಟೆಯ ಕಥೆಗಳನ್ನು ಬರೆದು ಕಳಿಸಿದರು. ಅವೆಲ್ಲ ಸೇರಿ 1841ರಲ್ಲಿ 'ಬೀಲಿಂಗ್ಸ್ ಬೆಲ್ಸ್' ಎಂಬ ಪುಸ್ತಕವಾಯಿತು. ಅದರ ಮಾರಾಟದ ಹಣ ಚರ್ಚಿನ ಕೆಲಸಕ್ಕೆ ಹೋಯಿತು. ಮನೆಯ ಗಂಟೆಯ ಮೇಲೆ ಒಂದು ಇಡೀ ಪುಸ್ತಕ! ಅದನ್ನು ಬರೆಯುವ ಮನುಷ್ಯ, ಓದುವ ನೆರೆಹೊರೆ ಎರಡೂ ಇದ್ದ ಸಮಾಜವದು.

ಈ ಯಜಮಾನರ ಹೆಸರು ಮೇಜರ್ ಎಡ್ವರ್ಡ್ ಮೂರ್. 1771ರಲ್ಲಿ ಹುಟ್ಟಿ 1848ರಲ್ಲಿ ತೀರಿಕೊಂಡವರು. ಧಾರವಾಡದ ಇತಿಹಾಸ ಓದಿದವರಿಗೆ ಈ ಹೆಸರು ಬೇರೆ ಕಾರಣಕ್ಕೆ ಗೊತ್ತು. ಹನ್ನೆರಡು ತುಂಬುವ ಮೊದಲೇ ಈಸ್ಟ್ ಇಂಡಿಯಾ ಕಂಪನಿಯ ಕೆಡೆಟ್ ಆಗಿ ಹಡಗು ಹತ್ತಿದ ಈ ಹುಡುಗ, ಹತ್ತೊಂಬತ್ತರ ಪ್ರಾಯದಲ್ಲಿ ಧಾರವಾಡದ ಕೋಟೆಯ ಗೋಡೆಯ ಕೆಳಗಿದ್ದ.

ಆಗ ಧಾರವಾಡ ಟಿಪ್ಪು ಸುಲ್ತಾನರ ಅಧೀನದಲ್ಲಿತ್ತು. ಕೋಟೆಯ ರಕ್ಷಣೆ ಬದ್ರುಜ್ಜಮಾನ್ ಖಾನರ ಕೈಯಲ್ಲಿತ್ತು. 1790ರ ಸೆಪ್ಟೆಂಬರ್‌ನಲ್ಲಿ ಪರಶುರಾಮ ಭಾವು ಪಟವರ್ಧನರ ಮರಾಠಾ ಸೈನ್ಯ ಕೋಟೆಗೆ ಮುತ್ತಿಗೆ ಹಾಕಿತು. ಮರಾಠರ ನೆರವಿಗೆ ಮುಂಬೈಯಿಂದ ಕ್ಯಾಪ್ಟನ್ ಲಿಟಲ್‌ನ ಕಂಪನಿ ಪಡೆ ಬಂದಿತ್ತು. ಮೂರ್ ಇದ್ದದ್ದು ಅದರಲ್ಲಿ. ಕೋಟೆಯ ಹೊರಗಿನ ಪೇಟೆ ಒಮ್ಮೆ ಇವರ ಕೈಗೆ, ಒಮ್ಮೆ ಅವರ ಕೈಗೆ ಸಿಕ್ಕಿ ಲೂಟಿಯಾಯಿತು. 1791ರ ಫೆಬ್ರವರಿಯಲ್ಲಿ ನಡೆದ ದಾಳಿ ವಿಫಲವಾಯಿತು. ಆರು ತಿಂಗಳಿಗೂ ಹೆಚ್ಚು ಕಾಲ ಹಿಡಿದು ನಿಂತ ಖಾನರು ಏಪ್ರಿಲ್‌ನಲ್ಲಿ ಷರತ್ತಿನ ಮೇಲೆ ಕೋಟೆ ಬಿಟ್ಟುಕೊಟ್ಟರು. ಹೊರಟು ಹೋಗುವ ದಾರಿಯಲ್ಲಿ ಅವರ ಮೇಲೆ ಹಲ್ಲೆಯಾಯಿತು, ಅವರು ಗಾಯಗೊಂಡು ಸೆರೆಯಾದರು. ಮೂರ್ ಮುಂದೆ ಬೆಂಗಳೂರಿನ ಹತ್ತಿರದ ಒಂದು ಗಿರಿದುರ್ಗದಲ್ಲಿ ಭುಜಕ್ಕೆ, ಶಿವಮೊಗ್ಗದ ಸಮೀಪದ ಗಾಜನೂರಿನಲ್ಲಿ ಮೊಣಕಾಲು ಮೊಣಕೈಗಳಿಗೆ ಗಾಯ ಮಾಡಿಕೊಂಡು ಊರಿಗೆ ಮರಳಿ, 1794ರಲ್ಲಿ ಈ ದಂಡಯಾತ್ರೆಯ ವೃತ್ತಾಂತವನ್ನು ಪ್ರಕಟಿಸಿದ.

ಮತ್ತೆ ಭಾರತಕ್ಕೆ ಬಂದು, ನಿವೃತ್ತನಾಗಿ ಸಫೋಕಿನಲ್ಲಿ ನೆಲೆಸಿದ ಮೇಲೆ ಮೂರ್ ಎರಡು ಬಗೆಯ ಪುಸ್ತಕ ಬರೆದ. 1810ರಲ್ಲಿ ಬಂದ 'ಹಿಂದೂ ಪ್ಯಾಂಥಿಯನ್' ನಮ್ಮ ನಾಡಿನ ದೇವದೇವತೆಗಳ ಕುರಿತಾದದ್ದು. 1823ರಲ್ಲಿ ಬಂದದ್ದು 'ಸಫೋಕ್ ವರ್ಡ್ಸ್ ಆ್ಯಂಡ್ ಫ್ರೇಸಸ್', ಅಂದರೆ ತನ್ನ ಊರಿನ ಕೂಲಿಕಾರರು, ಮುದುಕಿಯರು, ಮಕ್ಕಳು ಆಡುವ ಮಾತುಗಳ ಕೋಶ. ಬಾಲ್ಯದಲ್ಲಿ ಬಿಟ್ಟುಹೋದ ಮಾತು ಮರಳಿ ಬಂದಾಗ ಕಿವಿಗೆ ಎಷ್ಟು ಸಿಹಿಯಾಗಿರುತ್ತದೆ ಎಂಬುದನ್ನು ಗಲ್ಫಿನಿಂದ ವರ್ಷಗಳ ಮೇಲೆ ಊರಿಗೆ ಬಂದ ನಮ್ಮವರನ್ನು ಕೇಳಿದರೆ ಹೇಳಿಯಾರು.

ಮೂರ್‌ಗೆ ಈ ಗೀಳು ಒಬ್ಬನಿಗೇ ಬಂದದ್ದಲ್ಲ. ಸಣ್ಣ ಊರಿನ ಸಣ್ಣ ಸಂಗತಿಗಳನ್ನು ಕೂತು ನೋಡಿ ಬರೆಯುವ ಒಂದು ದೊಡ್ಡ ಪರಂಪರೆಯೇ ಇಂಗ್ಲಿಷರಲ್ಲಿದೆ. ಅದಕ್ಕೆ ಮೂಲಪುರುಷ ಎಂದು ಹೇಳಬಹುದಾದವನು ಗಿಲ್ಬರ್ಟ್ ವೈಟ್. ಹ್ಯಾಂಪ್‌ಶೈರಿನ ಸೆಲ್ಬೋರ್ನ್ ಎಂಬ ಹಳ್ಳಿಯ ಪಾದ್ರಿ. 1720ರಲ್ಲಿ ಅದೇ ಹಳ್ಳಿಯಲ್ಲಿ ಹುಟ್ಟಿ 1793ರಲ್ಲಿ ಅಲ್ಲಿಯೇ ಸತ್ತ. ತನ್ನ ಊರಿನ ಹಕ್ಕಿ, ಇಲಿ, ಎರೆಹುಳು, ಮಳೆ, ಮಂಜು ಇವುಗಳ ಬಗ್ಗೆ ಇಬ್ಬರು ಸ್ನೇಹಿತರಿಗೆ ಬರೆದ ಕಾಗದಗಳೇ ಅವನ ಪುಸ್ತಕ. ಅದರ ಮುಖಪುಟದ ಮೇಲಿನ ವರ್ಷ 1789. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಬ್ಯಾಸ್ಟೀಲ್ ಉರುಳಿತು. ವರ್ಷದ ಕೊನೆಗೆ ಧಾರವಾಡದ ಮುತ್ತಿಗೆಗೆ ದಾರಿಯಾದ ಮೂರನೆಯ ಮೈಸೂರು ಯುದ್ಧದ ಕಿಡಿ ತಿರುವಾಂಕೂರಿನ ಗಡಿಯಲ್ಲಿ ಹೊತ್ತಿತು. ವೈಟ್ ಮಾತ್ರ ಹೊಲದ ಒಂದು ಪುಟ್ಟ ಇಲಿಯ ಮೇಲೆ ಕಣ್ಣಿಟ್ಟಿದ್ದ.

ಆ ಇಲಿಯ ಕಥೆ ಕೇಳುವಂಥದು. ಗೋಧಿಯ ದಂಟುಗಳ ಮೇಲೆ ಹುಲ್ಲಿನ ಗೂಡು ಹೆಣೆಯುವ ಈ ಇಲಿಯನ್ನು ಬ್ರಿಟನ್ನಿನಲ್ಲಿ ಮೊದಲು ಗುರುತಿಸಿದವನು ವೈಟ್. ಎರಡು ಇಲಿಗಳನ್ನು ತಕ್ಕಡಿಯಲ್ಲಿಟ್ಟರೆ ಒಂದು ತಾಮ್ರದ ಅರ್ಧ ಪೆನ್ನಿಯ ತೂಕಕ್ಕೆ ಸಮ ಎಂದು ತೂಗಿ ನೋಡಿದ. ಗೂಡು ಕ್ರಿಕೆಟ್ ಚೆಂಡಿನಷ್ಟು ದುಂಡಗೆ, ಬಾಯಿ ಎಲ್ಲಿದೆ ಎಂದು ಹುಡುಕಿದರೂ ಸಿಗದಷ್ಟು ಬಿಗಿ. ಮೇಜಿನ ಮೇಲೆ ಉರುಳಿಸಿದರೆ ಉರುಳುತ್ತಿತ್ತು. ಒಳಗೆ ಎಂಟು ಮರಿಗಳು. ಅವನ ಮನೆಯ ಹಿತ್ತಿಲಲ್ಲಿ ತಿಮೋತಿ ಎಂಬ ಆಮೆಯಿತ್ತು. ಸೋದರತ್ತೆಯಿಂದ ಬಂದ ಆಸ್ತಿ. ಮಳೆ ಬರುತ್ತದೆ ಅಂದರೆ ಸಿಂಗರಿಸಿಕೊಂಡ ಹೆಂಗಸಿನ ಹಾಗೆ ಅದು ಮರೆಗೆ ಓಡುವುದನ್ನು ಕಂಡು ವೈಟ್ ನಕ್ಕಿದ್ದಾನೆ. ಅದು ಹೆಣ್ಣು ಎಂಬುದು ಗೊತ್ತಾದದ್ದು ಸತ್ತ ಮೇಲೆ. ಜೇನುಹುಳುಗಳಿಗೆ ಕಿವಿ ಕೇಳುತ್ತದೆಯೇ ಎಂದು ಅವುಗಳ ಗೂಡಿನ ಮುಂದೆ ನಿಂತು ಕಹಳೆಯಲ್ಲಿ ಕೂಗಿ ಪರೀಕ್ಷಿಸಿದ. ಚಳಿಗಾಲದಲ್ಲಿ ಅಂಬರಗುಬ್ಬಿಗಳು ಎಲ್ಲಿಗೆ ಹೋಗುತ್ತವೆ ಎಂಬ ಒಂದು ಪ್ರಶ್ನೆಯನ್ನು ಜೀವಮಾನವಿಡೀ ಹೊತ್ತು ತಿರುಗಿದ. ದೂರದೇಶಕ್ಕೆ ಹೋಗುತ್ತವೆಯೋ, ಅಲ್ಲೇ ಎಲ್ಲೋ ಬಿಲದಲ್ಲಿ ಮಲಗುತ್ತವೆಯೋ? ಆಳು ಹಚ್ಚಿ ಪೊದೆಗಳನ್ನು ಹುಡುಕಿಸಿದ. ಒಂದೂ ಸಿಗಲಿಲ್ಲ. ಆದರೂ ಸಂಶಯ ಬಿಡಲಿಲ್ಲ.

ಈ ಪುಸ್ತಕಗಳನ್ನು ಓದುವುದು ಸುಖವಾದ ಅನುಭವ ಎಂಬುದನ್ನು ನಾವು ಮುಚ್ಚಿಡಬೇಕಾಗಿಲ್ಲ. ನಮ್ಮನ್ನು ಆಳಿದವರ ಪುಸ್ತಕ ಎಂಬ ಕಾರಣಕ್ಕೆ ಒಳ್ಳೆಯ ಪುಸ್ತಕ ಕೆಟ್ಟದಾಗುವುದಿಲ್ಲ. ಆದರೆ ಈ ಬಗೆಯ ನೋಟಕ್ಕೆ ಬಿಡುವು ಬೇಕು. ಬಿಡುವಿಗೆ ಯಾರೋ ಎಲ್ಲೋ ದುಡಿಯಬೇಕು. ಇಂಗ್ಲೆಂಡಿನ ಸಣ್ಣ ಊರಿನ ಆ ಬಿಡುವಿನ ಲೆಕ್ಕದಲ್ಲಿ ಧಾರವಾಡದ ಪಾಲೂ ಇದೆ. ಅದನ್ನು ನೋಡಲು ಹೆಚ್ಚು ದೂರ ಹೋಗಬೇಕಾಗಿಲ್ಲ.

1824ರಲ್ಲಿ ಲಂಡನ್ನಿನಲ್ಲಿ ಮೇರಿ ರಸೆಲ್ ಮಿಟ್‌ಫರ್ಡ್ ಎಂಬಾಕೆಯ 'ಅವರ್ ವಿಲೇಜ್' ಪುಸ್ತಕದ ಮೊದಲ ಭಾಗ ಹೊರಬಂತು. ರೆಡಿಂಗ್ ಪೇಟೆಯ ಹತ್ತಿರದ ಒಂದು ಹಳ್ಳಿಯ ಹೂ, ದಾರಿ, ಕ್ರಿಕೆಟ್ ಆಟ, ನೆರೆಯವರು ಇವೇ ಅದರ ವಸ್ತು. ಅದೇ ವರ್ಷದ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಗುಂಡಿಗೆ ಬಲಿಯಾದ. ಮುಂದೆ ಇಂಗ್ಲಿಷ್ ಸಮಾಜದ ಡಂಭವನ್ನು ಕಾದಂಬರಿಗಳಲ್ಲಿ ಬಯಲಿಗೆಳೆದ ವಿಲಿಯಂ ಮೇಕ್‌ಪೀಸ್ ಥ್ಯಾಕರೆಗೆ ಈತ ಚಿಕ್ಕಪ್ಪ. ಆ ದಿನ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ ಇಪ್ಪತ್ತೊಂದು ವರ್ಷದ ವಾಲ್ಟರ್ ಎಲಿಯಟ್. ಡಿಸೆಂಬರಿನಲ್ಲಿ ಬಿಡುಗಡೆಯಾದ ಈತ 1833ರವರೆಗೂ ಧಾರವಾಡದ ಸೀಮೆಯಲ್ಲಿಯೇ ಇದ್ದ.

ಎಲಿಯಟ್‌ನನ್ನು ನಮ್ಮವರು ನೆನೆಯುವುದು ಶಾಸನಗಳಿಗಾಗಿ. ಕರ್ನಾಟಕದ ಐದುನೂರಕ್ಕೂ ಹೆಚ್ಚು ಶಾಸನಗಳ ನಕಲು ಮಾಡಿಸಿದವನು, ಚಾಲುಕ್ಯರ ಕಾಲಗಣನೆಗೆ ಮೊದಲ ಏಣಿ ಹಾಕಿದವನು. ಆದರೆ ಅವನ ಇನ್ನೊಂದು ಕೆಲಸ ಅಷ್ಟು ಪ್ರಸಿದ್ಧವಲ್ಲ. ಈ ಸೀಮೆಯ ಸಸ್ತನಿಗಳ ಒಂದು ಪಟ್ಟಿಯನ್ನು ಅವನು 1839ರಲ್ಲಿ ಮದ್ರಾಸಿನ ಒಂದು ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದ. ಅದರಲ್ಲಿ ಹುಲಿ ಚಿರತೆಗಳಿಗಿಂತ ಇಲಿಗಳ ಭಾಗವೇ ಹೆಚ್ಚು ಸ್ವಾರಸ್ಯ. ಸೆಲ್ಬೋರ್ನ್‌ನ ಪಾದ್ರಿಯ ಕಣ್ಣೇ ಧಾರವಾಡದ ಎರೆಹೊಲಕ್ಕೆ ಇಳಿದ ಹಾಗಿದೆ.

ಪೊದೆಯಲ್ಲಿ ವಾಸಿಸುವ ಒಂದು ಇಲಿ. ಮುಳ್ಳುಕೊಂಬೆಗಳ ನಡುವೆ ಒಣಹುಲ್ಲಿನ ನಾರಿನಿಂದ ಆರರಿಂದ ಒಂಬತ್ತು ಇಂಚಿನ ದುಂಡನೆಯ ಗೂಡು ಹೆಣೆಯುತ್ತದೆ. ಅದರೊಳಗೆ ಮೂರು ನಾಲ್ಕು ಇಂಚಿನ ಒಂದು ಕೋಣೆ. ಅಲ್ಲಿ ಸುರುಳಿ ಸುತ್ತಿ ಮಲಗುತ್ತದೆ. ಪೊದೆಯ ಸುತ್ತ ತನ್ನದೇ ಸಣ್ಣ ಕಾಲುದಾರಿಗಳನ್ನು ಸವೆಸಿಕೊಂಡಿರುತ್ತದೆ. ಕನ್ನಡದಲ್ಲಿ ಇದಕ್ಕೆ 'ಗುಲಂದಿ' ಎನ್ನುತ್ತಾರೆ ಎಂದು ದಾಖಲಾಗಿದೆ. ಲಂಡನ್ನಿನ ಪ್ರಾಣಿಶಾಸ್ತ್ರಜ್ಞ ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರು ಇಟ್ಟ: ಗೊಲುಂಡಾ ಎಲಿಯಟಿ. ಮೊದಲ ಪದ ನಮ್ಮ ಹೊಲದ್ದು, ಎರಡನೆಯದು ಸಾಹೇಬರದು. ಮೆತ್ತನೆಯ ಕೂದಲಿನ ಇನ್ನೊಂದು ಇಲಿಗೆ ವಡ್ಡರ ಮಾತಿನಲ್ಲಿ 'ಮೆಟ್ಟಡ'. ವಿಜ್ಞಾನದ ಪುಸ್ತಕದಲ್ಲಿ ಅದು 'ಮೆಲ್ಟಡಾ' ಎಂದು ಕುಳಿತಿದೆ. ಎರಡೂ ಜಾತಿಗಳ ಮೂಲನೆಲೆ ಯಾವುದು ಎಂದು ಇವತ್ತಿನ ಪ್ರಾಣಿಶಾಸ್ತ್ರದ ಕೋಶ ತೆಗೆದು ನೋಡಿದರೆ ಅಲ್ಲಿ ಸಿಗುವ ಊರು ಧಾರವಾಡ.

ಈ ಮೆಟ್ಟಡದ ಬಗ್ಗೆ ಎಲಿಯಟ್ ಬರೆದದ್ದರಲ್ಲಿ ಒಂದು ಇಡೀ ವರ್ಷದ ಇತಿಹಾಸವಿದೆ. ಬೇಸಗೆಯಲ್ಲಿ ಎರೆಭೂಮಿ ಬಿರಿಯುತ್ತದೆ. ಆ ಬಿರುಕುಗಳಲ್ಲಿ ಈ ಇಲಿಗಳು ಮನೆ ಮಾಡುತ್ತವೆ. ಮುಂಗಾರು ಜೋರಾಗಿ ಬಿದ್ದರೆ ಬಿರುಕು ಕುಸಿದು ಇಲಿಗಳು ರಾಶಿ ರಾಶಿಯಾಗಿ ಸಾಯುತ್ತವೆ. 1826ರಲ್ಲಿ ಮುಂಗಾರು ಆರಂಭಕ್ಕೆ ಕೈಕೊಟ್ಟಿತು. ಬಿರುಕು ಮುಚ್ಚಲಿಲ್ಲ. ಇಲಿಗಳು ಲೆಕ್ಕವಿಲ್ಲದಷ್ಟು ಹೆಚ್ಚಿದವು. ಬಿತ್ತಿದ ಬೀಜವನ್ನು ಬಿತ್ತಿದ ಕೂಡಲೇ ತಿಂದವು. ಉಳಿದು ಬೆಳೆದ ಜೋಳದ ದಂಟು ಹತ್ತಿ ತೆನೆ ಕತ್ತರಿಸಿ ಕೆಡವಿದವು. ರೈತರು ವಡ್ಡರನ್ನು ಕರೆಸಿ, ಇಷ್ಟು ಡಜನ್ ಇಲಿಗೆ ಇಷ್ಟು ಕಾಳು ಎಂದು ಗುತ್ತಿಗೆ ಕೊಟ್ಟರು. ಸಾವಿರಗಟ್ಟಲೆ ಕೊಂದರೂ ಇಲಿ ಕಡಿಮೆಯಾದಂತೆ ಕಾಣಲಿಲ್ಲ. ಹೊಲಕ್ಕೆ ಹೊಲವೇ ಹಾಳಾಗಿ ರೈತರು ಸರಕಾರಕ್ಕೆ ಕಂದಾಯ ಕಟ್ಟಲಾರದೆ ಹೋದರು.

ಈ ಕೊನೆಯ ಮಾತು ಬಂದಾಗಲೇ ನಾವು ಸೆಲ್ಬೋರ್ನ್‌ನಿಂದ ಎಷ್ಟು ದೂರ ಬಂದಿದ್ದೇವೆ ಎಂಬುದು ತಿಳಿಯುತ್ತದೆ. ವೈಟ್‌ಗೆ ಇಲಿ ಒಂದು ಕುತೂಹಲ. ಎಲಿಯಟ್‌ಗೂ ಅದು ಕುತೂಹಲವೇ, ಆದರೆ ಅವನು ಕಂದಾಯ ವಸೂಲಿಯ ನೌಕರ ಕೂಡ. ಇಲಿಯ ಗೂಡು ನೋಡಿದ ಕಣ್ಣೇ ಬರಿದಾದ ಖಜಾನೆಯನ್ನೂ ನೋಡಬೇಕಿತ್ತು. ಅದೇ ಪಟ್ಟಿಯಲ್ಲಿ ಇನ್ನೊಂದು ಸಂಗತಿಯಿದೆ. 'ಕೊಕ್' ಎಂದು ಕನ್ನಡದಲ್ಲಿ ಕರೆಯುವ ಹೆಗ್ಗಣದ ಜಾತಿಯ ಇಲಿ ತನ್ನ ಬಿಲದಲ್ಲಿ ಧಾನ್ಯ ಕೂಡಿಡುತ್ತದೆ. ಕೆರೆ ತೋಡುವ ವಡ್ಡರು ಸುಗ್ಗಿಯಲ್ಲಿ ಆ ಬಿಲ ಅಗೆದು ಇಲಿಯನ್ನೂ ಹಿಡಿಯುತ್ತಾರೆ, ಕಾಳನ್ನೂ ತೆಗೆಯುತ್ತಾರೆ. ಒಳ್ಳೆಯ ಜಾಗ ಸಿಕ್ಕರೆ ವರ್ಷದ ಎಷ್ಟೋ ಭಾಗ ಹೊಟ್ಟೆ ಹೊರೆಯುವಷ್ಟು ಸಿಗುತ್ತದೆ. ಸಾಹೇಬರಿಗೆ ಇದು ಪ್ರಾಣಿಜೀವನದ ವಿಚಿತ್ರ. ಬಿಲ ಅಗೆಯುವವನಿಗೆ ರಾತ್ರಿಯ ರೊಟ್ಟಿ. ಯಾವ ಇಲಿ ಎಲ್ಲಿರುತ್ತದೆ, ಯಾವಾಗ ಮರಿ ಹಾಕುತ್ತದೆ ಎಂಬ ವಿದ್ಯೆಯೆಲ್ಲ ಅವನದು. ಪುಸ್ತಕಕ್ಕೆ ಬಂದದ್ದು ಅವನ ಜಾತಿಯ ಹೆಸರು, ಅವನದಲ್ಲ. ಎಲಿಯಟ್ ಆ ಜಾತಿಯ ಹೆಸರನ್ನಾದರೂ ಬರೆದಿಟ್ಟ, ಅದಕ್ಕೆ ನಾವು ಋಣಿಗಳಾಗಿರಬೇಕು. ಅದನ್ನೂ ಬರೆಯದೆ ಎಲ್ಲ ತಮ್ಮದೇ ಶೋಧವೆಂದು ಮೆರೆದ ಪಂಡಿತರು ಬಿಳಿಯರಲ್ಲೂ ಇದ್ದರು, ನಮ್ಮವರಲ್ಲೂ ಇದ್ದಾರೆ.

ಇನ್ನು ಹತ್ತಿಯ ಮಾತು. ಎಲಿಜಬೆತ್ ಗ್ಯಾಸ್ಕೆಲ್ ಬರೆದ 'ಕ್ರ್ಯಾನ್‌ಫರ್ಡ್' ಇಂಗ್ಲಿಷ್ ಸಣ್ಣ ಊರಿನ ಕಥೆಗಳಲ್ಲಿ ಬಹಳ ಪ್ರೀತಿ ಗಳಿಸಿದ್ದು. 1851ರಿಂದ ಬಿಡಿಬಿಡಿಯಾಗಿ ಪತ್ರಿಕೆಯಲ್ಲಿ ಬಂದು 1853ರಲ್ಲಿ ಪುಸ್ತಕವಾಯಿತು. ಕೈಯಲ್ಲಿ ಹೆಚ್ಚು ಕಾಸಿಲ್ಲದ ವಯಸ್ಸಾದ ಹೆಂಗಸರು, ಅವರ ಚಹಾದ ಕೂಟ, ಟೊಪ್ಪಿಗೆಯ ಚಿಂತೆ, ಮೇಣದ ಬತ್ತಿಯ ಉಳಿತಾಯ. ಇದ್ದ ಹಣವನ್ನಿಟ್ಟ ಬ್ಯಾಂಕು ಮುಳುಗಿದಾಗ ಮಿಸ್ ಮ್ಯಾಟಿ ಚಹಾ ಪುಡಿ ಮಾರಿ ಬದುಕುತ್ತಾಳೆ. ಕೊನೆಗೆ ಕಳೆದುಹೋದ ತಮ್ಮ ಮರಳಿ ಬಂದು ಆಕೆಯನ್ನು ಕಾಪಾಡುತ್ತಾನೆ. ಎಲ್ಲಿಂದ ಬಂದ? ಹಿಂದುಸ್ತಾನದಿಂದ. ಕ್ರ್ಯಾನ್‌ಫರ್ಡ್‌ನಿಂದ ಇಪ್ಪತ್ತು ಮೈಲಿಗೆ ಡ್ರಂಬಲ್ ಎಂಬ ಗಿರಣಿ ಊರಿದೆ. ಅದು ಮ್ಯಾಂಚೆಸ್ಟರ್‌ಗೆ ಲೇಖಕಿ ಇಟ್ಟ ಹೆಸರು. ಆ ಗಿರಣಿಗಳ ಕಣ್ಣು ಧಾರವಾಡದ ಮೇಲೆ ಬಿದ್ದಿತ್ತು. 1840ರ ದಶಕದಲ್ಲಿ ಇಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ಹತ್ತಿಯ ಬೀಜ ಬೇರೂರಿತು. ಮಾರುಕಟ್ಟೆಯಲ್ಲಿ ಅದಕ್ಕೆ 'ಧಾರವಾಡ-ಅಮೆರಿಕನ್' ಎಂದೇ ಹೆಸರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಲ್ಲಿ ಬೆಲೆ ಗಗನಕ್ಕೇರಿತು. ಈ ಹತ್ತಿಗೆ ಬಂದರು ಬೇಕೆಂಬ ಒತ್ತಾಯದಿಂದಲೇ 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತಕ್ಕೆ ಸೇರಿಸಿದರು. ಕಾರವಾರದವರು ಮುಂಬೈಯವರಾದ ಹಿಂದಿನ ಗುಟ್ಟು ಹತ್ತಿಯ ಬೇಲಿನಲ್ಲಿದೆ.

ಅದೇ ಹತ್ತಿಯಿಂದ ನಮ್ಮ ಊರುಗಳಿಗೂ ಒಂದು ಸುಖ ಇತ್ತು. ಅದು ಪಿಂಜಾರನ ಗಾದಿ. ನದಾಫ್ ಎಂಬುದು ಅರಬಿಯ ಹೆಸರು, ಪಿಂಜಾರ ಊರಿನ ಹೆಸರು, ಕೆಲಸ ಒಂದೇ. ಮನೆಯೊಳಗೆ ಕನ್ನಡ, ಮಸೀದಿಯಲ್ಲಿ ನಮಾಜು, ಹೆಗಲ ಮೇಲೆ ಮಾರುದ್ದದ ಕಮಾನು. ಅಂಗಳದಲ್ಲಿ ಕುಳಿತು ಹಗ್ಗದ ನಾರಿಗೆ ಕೊಡತಿ ಬಡಿದರೆ ಟೊಂಯ್ ಟೊಂಯ್ ಎಂದು ಹತ್ತಿ ಮೋಡದ ಹಾಗೆ ಎದ್ದೇಳುತ್ತಿತ್ತು. ಮಕ್ಕಳು ಸುತ್ತ ಕುಳಿತು ಮೂಗಿನ ಮೇಲೆ ಹತ್ತಿ ಮೆತ್ತಿಕೊಂಡು ನಗುತ್ತಿದ್ದರು. ಮಗಳ ಮದುವೆಗೆ ಗಾ­ದಿ, ಬಾಣಂತಿಗೆ ಹೊಸ ಹಾಸಿಗೆ, ಯಾವ ಧರ್ಮದವರ ಮನೆಯಾದರೂ ಪಿಂಜಾರ ಬಾರದೆ ಮಲಗುವಂತಿರಲಿಲ್ಲ. 1884ರಲ್ಲಿ ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಮುಂಬೈ ಪ್ರಾಂತದ ಗ್ಯಾಸೆಟಿಯರ್‌ನ ಧಾರವಾಡದ ಸಂಪುಟ ಇಂಥ ಸಮುದಾಯಗಳನ್ನು ಒಂದೊಂದಾಗಿ ಹೆಸರಿಸಿ ಅವರ ಉಡುಪು, ಊಟ, ಆದಾಯ ಬರೆದಿಟ್ಟಿದೆ. ಆಡಳಿತಕ್ಕೆ ಬೇಕಾದದ್ದು ಅದರಲ್ಲಿದೆ. ಆ ಕಮಾನಿನ ಸಪ್ಪಳ ಆಡಳಿತಕ್ಕೆ ಬೇಕಾಗಿರಲಿಲ್ಲ.

ಧಾರವಾಡದವರು ತಮ್ಮದೆಂದು ಹೆಮ್ಮೆಪಡುವ ಸಣ್ಣ ಸುಖಗಳ ಹುಟ್ಟು ಹುಡುಕಿದರೆ ಒಂದು ವಿಶೇಷ ಕಾಣುತ್ತದೆ. ಅವುಗಳಲ್ಲಿ ಎಷ್ಟೋ ಹೊರಗಿನಿಂದ ಬಂದವರು ತಂದದ್ದು. ಪೇಡೆಯನ್ನೇ ನೋಡಿ. ಉತ್ತರ ಪ್ರದೇಶದ ಉನ್ನಾವದಿಂದ ಬಂದ ಠಾಕೂರ್ ಮನೆತನ ಇಲ್ಲಿ ಹಾಲು ಕುದಿಸಿ, ಖೋವಾ ಕೆಂಪಗಾಗುವ ತನಕ ಹುರಿದು, ಸಕ್ಕರೆ ಪುಡಿಯಲ್ಲಿ ಹೊರಳಿಸಿ ಮಾಡಿದ ಸಿಹಿಯದು. ಲೈನ್ ಬಜಾರಿನ ಆ ಅಂಗಡಿಯ ಮುಂದೆ ಸಾಲು ನಿಲ್ಲುವುದು ಧಾರವಾಡದವರಿಗೆ ಒಂದು ರಿವಾಜು. ಆ ಹಾಲು ಕೊಡುವ ಎಮ್ಮೆ ಮಾತ್ರ ಇಲ್ಲಿಯದೇ. ಶತಮಾನಗಳಿಂದ ಇಲ್ಲೇ ಮೇಯುತ್ತಿದ್ದ ಅದಕ್ಕೆ 'ಧಾರವಾಡಿ' ಎಂಬ ತಳಿಯ ಮಾನ್ಯತೆ ಸಿಕ್ಕದ್ದು 2021ರಲ್ಲಿ! ಹೊರಗಿನವನ ಕೈ, ಊರಿನ ಎಮ್ಮೆ, ಎರಡೂ ಸೇರಿದ್ದಕ್ಕೆ ಪೇಡೆ.

ಸಂಗೀತವೂ ಹಾಗೆಯೇ. ಇಂದಿನ ಉತ್ತರ ಪ್ರದೇಶದ ಕಿರಾಣಾ ಊರಿನ ಉಸ್ತಾದ್ ಅಬ್ದುಲ್ ಕರೀಂ ಖಾನರು ಮೀರಜಿನಲ್ಲಿ ನೆಲೆಸಿ ಈ ಸೀಮೆಗೆ ಬಂದು ಹೋಗುತ್ತಿದ್ದರು. ಕುಂದಗೋಳದ ರಾಮಭಾವು ಅವರ ಕೈಯಲ್ಲಿ ಸವಾಯಿ ಗಂಧರ್ವರಾದರು. ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರು ತಮ್ಮ ಬಾಲ್ಯದ ಒಂದು ಸಂಗತಿಯನ್ನು ಹೇಳುತ್ತಿದ್ದರು. ಬೀದಿಯಲ್ಲಿ ಗ್ರಾಮಫೋನಿನ ಧ್ವನಿ ಕೇಳಿದರೆ ಸಾಕು, ಆ ಹುಡುಗಿ ಮನೆಯಿಂದ ಹೊರಗೆ ಓಡುತ್ತಿದ್ದಳು. ಆಗ್ರಾದ ಜೊಹರಾಬಾಯಿಯವರ ಹಾಡು ಅವರಿಗೆ ಸಿಕ್ಕದ್ದು ಹೀಗೆ. ಒಂದು ಪೆಟ್ಟಿಗೆ, ಒಂದು ಬೀದಿ, ಓಡುವ ಒಂದು ಹುಡುಗಿ. ಇದಕ್ಕಿಂತ ದೊಡ್ಡ ಸಂಗೀತ ಶಾಲೆಯನ್ನು ನಾವು ಕಲ್ಪಿಸಿಕೊಳ್ಳಲಾರೆವು. ಬಂದೇ ಅಲಿ ಖಾನರ ಶಿಷ್ಯ, ಸಿತಾರರತ್ನ ರಹಿಮತ್ ಖಾನರು ಧಾರವಾಡಕ್ಕೆ ಬಂದು ನಿಂತ ಮೇಲೆ ಅವರ ಮನೆತನವೇ ಇಲ್ಲಿಯದಾಯಿತು. ಮೊಮ್ಮಗ ಬಾಲೇಖಾನರು 2007ರಲ್ಲಿ ತೀರಿಕೊಳ್ಳುವವರೆಗೂ ಸಿತಾರ್ ನುಡಿಸಿದರು. ಯಾವ ಸಾಲಿನ ಹೆಸರು ತೆಗೆದರೂ ಧಾರವಾಡದ ಸಂಜೆ ಅರ್ಧವಾಗುತ್ತದೆ.

ನಮ್ಮವರು ಅತ್ತ ಹೋಗಿ ಇಂಗ್ಲೆಂಡನ್ನು ನೋಡಿ ಬರೆದದ್ದೂ ಇದೆ. ಸವಣೂರು ನವಾಬರ ಊರಿನಲ್ಲಿ 1909ರಲ್ಲಿ ಹುಟ್ಟಿ, ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪಿನಲ್ಲಿ ಬೆಳೆದ ವಿ.ಕೃ. ಗೋಕಾಕರು 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದರು. 'ಸಮುದ್ರದಾಚೆಯಿಂದ' ಎಂಬ ಅವರ ಪುಸ್ತಕ ಆ ಯಾತ್ರೆಯ ಫಲ. ವ್ಯತ್ಯಾಸ ಒಂದೇ. ಅವರು ಅಲ್ಲಿ ಯಾರಿಂದಲೂ ಕಂದಾಯ ವಸೂಲು ಮಾಡಬೇಕಾಗಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಕೆಲಗೇರಿಗೆ ಬರೋಣ. ಧಾರವಾಡದ ಪಶ್ಚಿಮ ಅಂಚಿನ ಈ ಊರು ಈಗ ಹುಬ್ಬಳ್ಳಿ-ಧಾರವಾಡ ಮಹಾನಗರದ ಒಂದು ಭಾಗ. 'ಕೆಲ' ಎಂದರೆ ಬದಿ, ಪಕ್ಕ. ಬದಿಯ ಕೇರಿ ಎಂಬ ಅರ್ಥ ಮಾಡಿಕೊಂಡರೆ ಹೆಸರು ಊರಿಗೆ ಒಪ್ಪುತ್ತದೆ. ಇತಿಹಾಸದ ಪುಸ್ತಕಗಳಲ್ಲಿಯೂ ಅದು ಬದಿಗೇ ಉಳಿದಿದೆ. ಊರಿಗೆ ಹೆಸರು ತಂದದ್ದು ಅಲ್ಲಿಯ ವಿಶಾಲವಾದ ಕೆರೆ. ಧಾರವಾಡಕ್ಕೆ ಕುಡಿಯುವ ನೀರು ಕೊಡಲೆಂದು 1911ರಲ್ಲಿ ವಿಶ್ವೇಶ್ವರಯ್ಯನವರು ಕಟ್ಟಿಸಿದರು ಎಂದು ಊರು ಹೇಳುತ್ತದೆ. ವಿಶ್ವೇಶ್ವರಯ್ಯನವರು 1908ರಲ್ಲಿಯೇ ಮುಂಬೈ ಸರಕಾರದ ಕೆಲಸ ಬಿಟ್ಟು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಹೋಗಿದ್ದರು. ಹಾಗಾಗಿ ಯೋಜನೆ ಅವರ ಕಾಲದ್ದು, ಕಟ್ಟಿ ಮುಗಿಸಿದ್ದು ಆಮೇಲಿನದು ಎಂದು ತಿಳಿದರೆ ಎರಡೂ ಮಾತು ಹೊಂದುತ್ತವೆ. ಕೆರೆಯ ವಿಷಯ ಬಂದರೆ ಎಂಜಿನಿಯರರ ಹೆಸರು ಎಲ್ಲರ ಬಾಯಲ್ಲಿದೆ. ಮಣ್ಣಿನ ಬುಟ್ಟಿ ಹೊತ್ತವರು, ಗುದ್ದಲಿ ಹಿಡಿದವರು ಬಾಯಲ್ಲಿಯೂ ಇಲ್ಲ. ಎಲಿಯಟ್‌ಗೆ ಇಲಿ ತೋರಿಸಿದವರ ಗತಿಯೇ ಇವರದೂ.

ಕೆರೆಯ ದಂಡೆಯ ಮೇಲೆ ಬೆಳಗಿನ ಹೊತ್ತು ನಾವು ನಡೆದಾಗ ಕಂಡದ್ದೆಲ್ಲ ಸಣ್ಣ ಸಂಗತಿಗಳೇ. ಏರಿಯ ಮೇಲೆ ಬಿರುಸಾಗಿ ನಡೆಯುವ ನಿವೃತ್ತ ಮಾಸ್ತರರು. ಗಾಳ ಹಾಕಿ ಕುಳಿತ ಹುಡುಗ, ಅವನ ಪಕ್ಕದಲ್ಲಿ ಅವನಿಗಿಂತ ಹೆಚ್ಚು ತಾಳ್ಮೆಯಿಂದ ಕುಳಿತ ಒಂದು ಬೆಳ್ಳಕ್ಕಿ. ಚಳಿಗಾಲವಾದ್ದರಿಂದ ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕುಳಿತ ಅಂಬರಗುಬ್ಬಿಗಳು. ಸೆಲ್ಬೋರ್ನ್‌ನ ಪಾದ್ರಿ ಪೊದೆಯಲ್ಲಿ ಹುಡುಕಿಸಿದ ಜಾತಿಯೇ ಇದು. ಇಂಗ್ಲೆಂಡಿನ ಗುಬ್ಬಿಗಳು ಆಫ್ರಿಕಕ್ಕೆ ಹೋಗುತ್ತವೆ, ನಮ್ಮಲ್ಲಿಗೆ ಬರುವುದು ಉತ್ತರದ ಬೇರೆ ನಾಡುಗಳಿಂದ. ವೈಟ್‌ನ ಪ್ರಶ್ನೆಗೆ ಉತ್ತರ ಇಂಥ ತಂತಿಗಳ ಮೇಲೆ ಪ್ರತಿ ವರ್ಷ ಬಂದು ಕೂರುತ್ತದೆ.

ಅದೇ ಕೆರೆಗೆ ಬಡಾವಣೆಗಳ ಕೊಳಚೆ ನೀರು ಸೇರುತ್ತಿದೆ ಎಂದು ಪತ್ರಿಕೆಗಳಲ್ಲಿ ವರ್ಷ ವರ್ಷವೂ ಬರೆದದ್ದಾಗಿದೆ. ಅಂತರಗಂಗೆ ಹಬ್ಬಿ ನೀರು ಕಾಣದಂತಾದ ಕಾಲವೂ ಇತ್ತು. ಮಲಪ್ರಭೆಯ ನೀರು ಕೊಳಾಯಿಯಲ್ಲಿ ಬಂದ ಮೇಲೆ ಕುಡಿಯುವ ಕೆರೆ ಎಂಬ ಗೌರವ ಹೋಯಿತು. ಈಗ ಅದು ಕೃಷಿ ವಿಶ್ವವಿದ್ಯಾಲಯದ ಆಸ್ತಿ. ಹಕ್ಕಿ ನೋಡುವ ತರುಣರು ಇತ್ತೀಚೆಗೆ ಯಾವ ದಿನ ಯಾವ ಹಕ್ಕಿ ಬಂತು ಎಂದು ಅಂತರ್ಜಾಲದಲ್ಲಿ ದಾಖಲಿಸುವುದುಂಟು. ಹಕ್ಕಿಗಾದರೂ ಲೆಕ್ಕ ಸಿಕ್ಕಿತು. ಕೆರೆಯ ನೀರು ಕುಡಿದು ಬೆಳೆದ ಹಿರಿಯರು ಊರಲ್ಲಿ ಇನ್ನೂ ಇದ್ದಾರೆ. ಆ ನೀರಿಗೆ ಯಾವ ರುಚಿಯಿತ್ತು, ಪಿಂಜಾರ ಕೊನೆಯ ಸಲ ಬಂದದ್ದು ಯಾವ ಸುಗ್ಗಿಗೆ, ಹೊಲದ ಇಲಿಗೆ ಅವರು ಏನೆನ್ನುತ್ತಿದ್ದರು ಎಂಬುದು ಅವರಿಗೆ ಗೊತ್ತು. ಕೇಳಿದರೆ ಹೇಳುತ್ತಾರೆ, ಅದೂ ಒಂದು ಚಹಾದ ಮೇಲೆ.